ಒಂದೇ ಮಾತ್ರೆ, ಎರಡು ಮೈ

ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ಒಂದು ರಿಜಿಸ್ಟರ್ ಇರುತ್ತದೆ. ನಾವು ಅದನ್ನು ಎಚ್-1 ಪುಸ್ತಕ ಎನ್ನುತ್ತೇವೆ. ಆಲ್ಪ್ರಾಜೊಲಾಮ್, ಡಯಾಜೆಪಾಮ್, ಜೊಲ್ಪಿಡೆಮ್ ಮುಂತಾದ ಮಾತ್ರೆ ಕೊಟ್ಟಾಗಲೆಲ್ಲ ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ಮಾತ್ರೆಯ ಹೆಸರು, ಎಣಿಕೆ ಇಷ್ಟನ್ನೂ ಅದರಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬುದು 2014ರಿಂದ ಜಾರಿಯಲ್ಲಿರುವ ನಿಯಮ. ತಾಲ್ಲೂಕು ಕೇಂದ್ರವೊಂದರಲ್ಲಿ ಅಪ್ಪನ ಕಾಲದ ಅಂಗಡಿಯನ್ನು ನಡೆಸುತ್ತಿರುವ ನಾನು ರಾತ್ರಿ ಬಾಗಿಲು ಹಾಕುವ ಮುನ್ನ ಆ ಪುಟಗಳನ್ನು ಸರಿಮಾಡಿಡುತ್ತೇನೆ. ನಿದ್ದೆಯ ಮಾತ್ರೆ, ಆತಂಕದ ಮಾತ್ರೆಗಳ ಸಾಲಿನಲ್ಲಿ ಹೆಣ್ಣುಮಕ್ಕಳ ಹೆಸರೇ ಹೆಚ್ಚು. ಆದರೆ ಕೌಂಟರಿನ ಮುಂದೆ ನಿಂತಿದ್ದವರನ್ನು ನೆನಪಿಸಿಕೊಂಡರೆ ಲೆಕ್ಕ ತಿರುವುಮುರುವಾಗುತ್ತದೆ. ಹೆಂಗಸಿನ ಹೆಸರಿನ ಚೀಟಿ ಹಿಡಿದು ಬಂದವನು ಗಂಡ ಇಲ್ಲವೇ ಮಗ. ಗಂಡಸಿನ ಚೀಟಿ ತಂದವಳು ಹೆಂಡತಿ. "ಅವರಿಗೆ ಅಂಗಡಿಗೆ ಬರುವುದಕ್ಕೆ ಸಂಕೋಚ ಅಕ್ಕ" ಎಂದು ಅವಳೇ ದನಿ ತಗ್ಗಿಸಿ ಹೇಳುತ್ತಾಳೆ.

ಮನಸ್ಸಿನ ಕಾಯಿಲೆಯ ಔಷಧಿಯನ್ನು ಹೆಂಗಸರು ಹೆಚ್ಚು ನುಂಗುತ್ತಾರೆ ಎಂಬುದು ಲೋಕದ ಬಹುಪಾಲು ಕಡೆ ಕಂಡುಬಂದಿರುವ ಸಂಗತಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2015ರಿಂದ 2018ರವರೆಗಿನ ಸಮೀಕ್ಷೆಯಲ್ಲಿ, ಕಳೆದ ಮೂವತ್ತು ದಿನಗಳಲ್ಲಿ ಖಿನ್ನತೆಯ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ವಯಸ್ಕರನ್ನು ಕೇಳಿತು. ಹೌದು ಎಂದವರು ಹೆಂಗಸರಲ್ಲಿ ಶೇ 17.7, ಗಂಡಸರಲ್ಲಿ ಶೇ 8.4. ಅರುವತ್ತು ದಾಟಿದ ಹೆಂಗಸರಲ್ಲಿ ಅದು ಶೇ 24.3. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರು.

ಇದನ್ನು ಕೇಳಿದವರ ಬಾಯಿಂದ ಸಾಮಾನ್ಯವಾಗಿ ಬರುವ ಮಾತು, "ಹೆಂಗಸರ ಮನಸ್ಸು ಮೆದು". ಈ ಮಾತು ನನಗೆ ಸಿಟ್ಟು ತರಿಸುತ್ತದೆ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಿ. ಅದರ ಪೂರ್ವಭಾವಿ ಪರೀಕ್ಷೆ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಆ ಸಮೀಕ್ಷೆಯ ಪ್ರಕಾರ ಯಾವುದಾದರೊಂದು ಮಾನಸಿಕ ತೊಂದರೆಯಿಂದ ನರಳುತ್ತಿದ್ದವರು ಗಂಡಸರಲ್ಲಿ ಶೇ 13.9, ಹೆಂಗಸರಲ್ಲಿ ಶೇ 7.5. ಗಂಡಸರೇ ಹೆಚ್ಚು, ಅದೂ ಹೆಚ್ಚುಕಡಿಮೆ ಎರಡರಷ್ಟು. ಈ ಲೆಕ್ಕದಲ್ಲಿ ಮದ್ಯದ ಚಟವೂ ಸೇರಿದೆ. ಖಿನ್ನತೆ, ಆತಂಕಗಳನ್ನು ಮಾತ್ರ ಬಿಡಿಸಿ ನೋಡಿದರೆ ಹೆಣ್ಣುಮಕ್ಕಳು ಮುಂದೆ. ಮದ್ಯದ ಚಟಕ್ಕೆ ಚಿಕಿತ್ಸೆ ಬೇಕಿದ್ದವರಲ್ಲಿ ನೂರಕ್ಕೆ 86 ಮಂದಿಗೆ ಅದು ಸಿಕ್ಕಿರಲೇ ಇಲ್ಲ. ಇನ್ನೊಂದು ಅಂಕಿ ಇದರ ಪಕ್ಕದಲ್ಲೇ ಇರಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 72 ಗಂಡಸರು.

ಹೀಗಾಗಿ ಮಾತ್ರೆಯ ಎಣಿಕೆ ನೋವಿನ ಅಳತೆಗೋಲಾಗುವುದಿಲ್ಲ. ಯಾರು ವೈದ್ಯರ ಬಾಗಿಲಿಗೆ ಹೋದರು, ಅಲ್ಲಿ ಏನು ಹೇಳಿದರು, ಕೇಳಿಸಿಕೊಂಡವರು ಏನು ಬರೆದುಕೊಟ್ಟರು ಎಂಬುದನ್ನಷ್ಟೇ ಅದು ಹೇಳುತ್ತದೆ. ಗಂಡಸು ಎದೆಯ ಭಾರಕ್ಕೆ ಸಂಜೆಯ ಕ್ವಾರ್ಟರನ್ನು ಔಷಧಿ ಎಂದುಕೊಂಡಿರುತ್ತಾನೆ. ಅದು ಯಾವ ಎಚ್-1 ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಹೆಂಗಸು ವೈದ್ಯರಲ್ಲಿಗೆ ಹೋಗುತ್ತಾಳೆ, ಆದರೆ "ಬೇಸರವಾಗಿದೆ" ಎಂದು ಹೇಳುವುದಿಲ್ಲ. ತಲೆ ಭಾರ, ಅಂಗಾಲು ಉರಿ, ಎದೆ ಡವಡವ, ಕೈಕಾಲು ಸೇದುತ್ತದೆ ಎನ್ನುತ್ತಾಳೆ. ಬಾಗಿಲು ಮುಚ್ಚಿದ ಮೇಲೆ "ಬಿಳಿ ಹೋಗುತ್ತದೆ" ಎನ್ನುತ್ತಾಳೆ. ಗೋವಾದಲ್ಲಿ ನಡೆದ ಸಮುದಾಯ ಅಧ್ಯಯನಗಳು ಬಿಳಿಸೆರಗಿನ ದೂರಿಗೂ ಖಿನ್ನತೆ, ಆತಂಕಗಳಿಗೂ ಗಟ್ಟಿ ನಂಟಿರುವುದನ್ನು ತೋರಿಸಿವೆ. ಗಂಡಸಿನ ಪಾಲಿಗೆ ಇದೇ ಸಂಕಟ "ಧಾತು ಹೋಗುತ್ತದೆ" ಎಂಬ ಮಾತಾಗುತ್ತದೆ. ಮೈಯ ಭಾಷೆಯಲ್ಲಿ ಹೇಳಿದ ದುಃಖಕ್ಕೆ ಮೈಯ ಔಷಧಿಯೇ ಸಿಗುತ್ತದೆ. ವಿಟಮಿನ್, ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಎಂ.ಜಿ. ಈ ಕೊನೆಯದು ಮೂಲತಃ ಖಿನ್ನತೆಯ ಮಾತ್ರೆ. ಹತ್ತು ಎಂ.ಜಿ.ಯಲ್ಲಿ ತಲೆನೋವು ತಗ್ಗಿ ನಿದ್ದೆ ಬರಬಹುದು, ಆದರೆ ಖಿನ್ನತೆ ವಾಸಿಯಾಗಲು ಸಾಮಾನ್ಯವಾಗಿ ಅದರ ಹಲವು ಪಟ್ಟು ಬೇಕು. ಹೀಗೆ ಮನಸ್ಸಿನ ಮಾತ್ರೆ ನುಂಗುತ್ತಿದ್ದರೂ ತನಗೇನಾಗಿದೆ ಎಂಬುದು ಅವಳಿಗೂ ತಿಳಿದಿರುವುದಿಲ್ಲ, ಕಾಯಿಲೆಯೂ ಕದಲಿರುವುದಿಲ್ಲ.

ನಿದ್ದೆ ಮತ್ತು ಆತಂಕದ ಮಾತ್ರೆಗಳದ್ದು ಹಳೆಯ ಕಥೆ. ಡಯಾಜೆಪಾಮ್ 1963ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1969ರಿಂದ 1982ರವರೆಗೆ ಆ ದೇಶದಲ್ಲಿ ಅತಿ ಹೆಚ್ಚು ಬರೆಯಲ್ಪಟ್ಟ ಔಷಧಿ ಅದೇ. ವೈದ್ಯರ ಪತ್ರಿಕೆಗಳಲ್ಲಿ ಅದರ ಜಾಹೀರಾತುಗಳ ಮುಖ ಬಹುಪಾಲು ಹೆಂಗಸಿನದು, ಮನೆಗೆಲಸದಲ್ಲಿ ಬಳಲಿದ ತಾಯಿಯದು, ಮದುವೆಯಾಗದ ಮಹಿಳೆಯದು. ಮನೆಯೊಳಗಿನ ದಣಿವು, ಒಂಟಿತನಗಳಿಗೆ ಮಾತ್ರೆಯೇ ಉತ್ತರವೆಂದು ಆಗ ಹೇಳಿಕೊಟ್ಟದ್ದು ಇಂದಿಗೂ ಪೂರ್ತಿ ಮರೆತುಹೋಗಿಲ್ಲ. ಈ ಗುಂಪಿನ ಮಾತ್ರೆಗಳು ಎರಡರಿಂದ ನಾಲ್ಕು ವಾರಕ್ಕೆ ಮಾತ್ರ ತಕ್ಕವು. ಆ ಮೇಲೆ ಮೈ ಅವುಗಳಿಗೆ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ಬಿಟ್ಟರೆ ಆತಂಕ ಮೊದಲಿಗಿಂತ ಜೋರಾಗಿ ಮರಳುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮೂರು ವಾರಕ್ಕೆಂದು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮೂರು ವರ್ಷ ತಂದವರನ್ನು ನಾನು ಕಂಡಿದ್ದೇನೆ. ಕೊಡಲಾಗದು ಎಂದಾಗ ಅವರ ಕಣ್ಣಲ್ಲಿ ಬರುವ ದಿಗಿಲನ್ನೂ ಕಂಡಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಮಾತ್ರೆ ಕೈಗೆ ಬರುವ ತನಕದ ದಾರಿ. ಗಂಟಲಿನಿಂದ ಕೆಳಗಿಳಿದ ಮೇಲೆ ಬೇರೆಯೇ ವ್ಯತ್ಯಾಸಗಳು ಶುರುವಾಗುತ್ತವೆ.

ಜೊಲ್ಪಿಡೆಮ್ ಎಂಬ ನಿದ್ದೆಯ ಮಾತ್ರೆಗೆ ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಿಗೂ ಹೆಣ್ಣಿಗೂ ಒಂದೇ ಪ್ರಮಾಣ, ಮಲಗುವ ಮುನ್ನ 10 ಎಂ.ಜಿ. ಇಪ್ಪತ್ತು ವರ್ಷ ಲಕ್ಷಾಂತರ ಜನ ಅದನ್ನು ಹಾಗೆಯೇ ನುಂಗಿದರು. ಬೆಳಗ್ಗೆ ಎದ್ದು ಕಾರು ಓಡಿಸುವಾಗ ಮಂಪರು, ಅಪಘಾತ ಎಂಬ ದೂರುಗಳು ಬರುತ್ತಲೇ ಇದ್ದವು. ಕೊನೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಸುಮಾರು 250 ಗಂಡಸರು, 250 ಹೆಂಗಸರ ರಕ್ತದ ಅಂಕಿಗಳನ್ನು ಬೇರೆಬೇರೆ ಇಟ್ಟು ನೋಡಿತು. ಮಾತ್ರೆ ನುಂಗಿ ಎಂಟು ಗಂಟೆ ಕಳೆದ ಮೇಲೂ ವಾಹನ ಓಡಿಸಲು ಅಪಾಯ ಎನಿಸುವಷ್ಟು ಔಷಧಿ ರಕ್ತದಲ್ಲಿ ಉಳಿದದ್ದು ಹೆಂಗಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ, ಗಂಡಸರಲ್ಲಿ 3 ಮಂದಿಗೆ. 2013ರ ಜನವರಿಯಲ್ಲಿ ಹೆಂಗಸರಿಗೆ ಹೇಳಿದ ಪ್ರಮಾಣವನ್ನು 10ರಿಂದ 5 ಎಂ.ಜಿ.ಗೆ ಇಳಿಸಿದರು. ಯುರೋಪಿನ ನಿಯಂತ್ರಕರು ಎಚ್ಚರಿಕೆಯನ್ನು ಬಿಗಿಗೊಳಿಸಿದರೇ ಹೊರತು ಹೆಣ್ಣು–ಗಂಡಿಗೆ ಬೇರೆ ಪ್ರಮಾಣ ಬೇಕೆಂದು ಹೇಳಲಿಲ್ಲ. ವಾದ ಇನ್ನೂ ಇದೆ, ಇರಲಿ. ನನಗೆ ನೋವಾಗುವುದು ಆ ಇಪ್ಪತ್ತು ವರ್ಷಗಳ ಬಗ್ಗೆ. ಹೆಂಗಸರ ಅಂಕಿ, ಗಂಡಸರ ಅಂಕಿಗಳನ್ನು ಬೇರೆ ಮಾಡಿ ನೋಡುವುದು ಯಾರಿಗೂ ತುರ್ತಾಗಿ ಕಾಣಲಿಲ್ಲ.

ಕಾಣದೆ ಹೋದದ್ದಕ್ಕೆ ಕಾರಣವಿತ್ತು. ಗರ್ಭಿಣಿಯಾಗಬಹುದಾದ ವಯಸ್ಸಿನ ಹೆಂಗಸರನ್ನು ಹೊಸ ಔಷಧಿಗಳ ಆರಂಭಿಕ ಪ್ರಯೋಗಗಳಿಂದ ದೂರವಿಡಬೇಕೆಂದು ಅಮೆರಿಕದ ಅದೇ ಸಂಸ್ಥೆ 1977ರಲ್ಲಿ ಹೇಳಿತ್ತು. ಗರ್ಭಿಣಿಯರು ನುಂಗಿದ ಥಾಲಿಡೋಮೈಡ್ ಎಂಬ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಡನೆ ಹುಟ್ಟಿದ ದುರಂತದ ಭಯ ಇನ್ನೂ ಹಸಿಯಾಗಿದ್ದ ಕಾಲ ಅದು, ಉದ್ದೇಶ ಕೆಟ್ಟದ್ದಾಗಿರಲಿಲ್ಲ. 1993ರಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡರು. ಅಷ್ಟು ಹೊತ್ತಿಗೆ ಎಷ್ಟೋ ಔಷಧಿಗಳ "ಸರಿಯಾದ ಪ್ರಮಾಣ" ಗಂಡಸಿನ ಮೈಯನ್ನು ನೋಡಿಯೇ ನಿಗದಿಯಾಗಿತ್ತು. ಇಲಿಗಳ ಕಥೆಯೂ ಅದೇ. ಪ್ರಾಣಿಗಳ ಮೇಲಿನ ಸಂಶೋಧನೆಯನ್ನು ಪರಿಶೀಲಿಸಿದ 2011ರ ಅಧ್ಯಯನವೊಂದರ ಪ್ರಕಾರ, ನರವಿಜ್ಞಾನದಲ್ಲಿ ಹೆಣ್ಣು ಪ್ರಾಣಿಗಳನ್ನು ಮಾತ್ರ ಬಳಸಿದ ಒಂದು ಪ್ರಯೋಗಕ್ಕೆ ಗಂಡುಗಳನ್ನು ಮಾತ್ರ ಬಳಸಿದ ಪ್ರಯೋಗಗಳು ಐದೂವರೆ ಇದ್ದವು. ಹೆಣ್ಣಿಲಿಯ ಹಾರ್ಮೋನ್ ಏರಿಳಿತದಿಂದ ಫಲಿತಾಂಶ ಕಲಸಿಹೋಗುತ್ತದೆ ಎಂಬುದು ಸಂಶೋಧಕರು ಕೊಡುತ್ತಿದ್ದ ಕಾರಣ. ಆ ಏರಿಳಿತದೊಡನೆಯೇ ಬದುಕುವವಳು ಆಮೇಲೆ ಅದೇ ಮಾತ್ರೆಯನ್ನು ನುಂಗಬೇಕಲ್ಲವೇ?

ಒಂದೇ ಮಾತ್ರೆ ಎರಡು ಮೈಗಳಲ್ಲಿ ಬೇರೆಯಾಗಿ ವರ್ತಿಸುವುದು ಹೇಗೆ? ಹೆಂಗಸಿನ ಮೈತೂಕ ಸರಾಸರಿಯಲ್ಲಿ ಕಡಿಮೆ, ಆ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚು. ಡಯಾಜೆಪಾಮ್‌ನಂತಹ ಔಷಧಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಹೆಂಗಸಿನ ಹೊಟ್ಟೆ ಖಾಲಿಯಾಗುವುದು ತುಸು ನಿಧಾನ, ಮೂತ್ರಪಿಂಡ ಸೋಸುವ ವೇಗವೂ ಕಡಿಮೆ. ಔಷಧಿಯನ್ನು ಒಡೆಯುವ ಯಕೃತ್ತಿನ ಕಿಣ್ವಗಳಲ್ಲಿ ಕೆಲವು ಹೆಂಗಸರಲ್ಲಿ ಚುರುಕು, ಕೆಲವು ಗಂಡಸರಲ್ಲಿ. ಆದ್ದರಿಂದ ಎಲ್ಲ ಮಾತ್ರೆಗೂ ಒಂದೇ ಸೂತ್ರ ಹೇಳಲು ಬರುವುದಿಲ್ಲ. 86 ಔಷಧಿಗಳನ್ನು ಪರಿಶೀಲಿಸಿದ 2020ರ ಒಂದು ಅಧ್ಯಯನ, ಸಮಾನ ಪ್ರಮಾಣ ಕೊಟ್ಟಾಗ ಬಹುತೇಕ ಔಷಧಿಗಳ ಮಟ್ಟ ಹೆಂಗಸರ ರಕ್ತದಲ್ಲಿ ಹೆಚ್ಚಿರುವುದನ್ನೂ ಅಡ್ಡಪರಿಣಾಮಗಳು ಅವರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಬರುವುದನ್ನೂ ಹೇಳಿತು. "ಈ ಮಾತ್ರೆ ನನಗೆ ಹಿಡಿಸುವುದಿಲ್ಲ" ಎಂದು ಹೆಂಗಸೊಬ್ಬಳು ಹೇಳಿದರೆ ಮನೆಯವರು ಅದನ್ನು ನೆಪ ಎಂದುಕೊಳ್ಳುತ್ತಾರೆ. ನೆಪವಾಗಿರಬೇಕಿಲ್ಲ.

ಬೀಡಿಯ ವಿಷಯ ಹೇಳಿದರೆ ಬಹಳ ಜನ ನಂಬುವುದೇ ಇಲ್ಲ. ಕ್ಲೊಜಪೈನ್ ಮತ್ತು ಒಲಾಂಜಪೈನ್, ಭ್ರಮೆ, ಸಂಶಯಗಳು ಕಾಡುವ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಗೆ ಕೊಡುವ ಮುಖ್ಯ ಔಷಧಿಗಳು. ಅವೆರಡನ್ನೂ ಯಕೃತ್ತಿನ ಒಂದೇ ಕಿಣ್ವ ಒಡೆದುಹಾಕುತ್ತದೆ. ಬೀಡಿ, ಸಿಗರೇಟಿನ ಹೊಗೆ ಆ ಕಿಣ್ವವನ್ನು ಹುರಿದುಂಬಿಸುತ್ತದೆ, ಔಷಧಿ ಬೇಗ ಖರ್ಚಾಗುತ್ತದೆ. ಈ ಕೆಲಸ ಮಾಡುವುದು ಹೊಗೆಯಲ್ಲಿರುವ ಟಾರ್, ನಿಕೋಟಿನ್ ಅಲ್ಲ. ಹಾಗಾಗಿ ಹೊಗೆಸೊಪ್ಪು, ಗುಟ್ಕಾ ಜಗಿಯುವವರಲ್ಲಿ ಹೀಗಾಗುವುದಿಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವವರು ಗಂಡಸರಲ್ಲಿ ಶೇ 19, ಹೆಂಗಸರಲ್ಲಿ ಶೇ 2. ಜೊತೆಗೆ ಈ ಕಿಣ್ವ ಹೆಂಗಸರಲ್ಲಿ ಮೊದಲೇ ಸ್ವಲ್ಪ ಮಂದ, ಗರ್ಭಿಣಿಯಾದಾಗ ಇನ್ನೂ ಮಂದ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವ ಗಂಡಸಿಗೂ ಅವನ ತಂಗಿಗೂ ಒಂದೇ ಪ್ರಮಾಣದ ಕ್ಲೊಜಪೈನ್ ಬರೆದರೆ, ಅವನಿಗೆ ಸಾಲದೆ ಹೋಗಬಹುದು, ಅವಳಿಗೆ ಮಿತಿಮೀರಬಹುದು.

ಇದರಲ್ಲೊಂದು ಅಪಾಯ ಅಡಗಿದೆ. ಅವನು ಆಸ್ಪತ್ರೆಗೆ ಸೇರಿದನೆನ್ನಿ. ವಾರ್ಡಿನಲ್ಲಿ ಬೀಡಿ ಇಲ್ಲ. ಕಿಣ್ವದ ಚುರುಕು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅದೇ ಮಾತ್ರೆ, ಅದೇ ಎಂ.ಜಿ., ಆದರೂ ರಕ್ತದಲ್ಲಿ ಔಷಧಿ ಒಂದೂವರೆ ಪಟ್ಟು ಅಥವಾ ಅದಕ್ಕೂ ಮೇಲೆ ಏರಬಹುದು. ಜೊಲ್ಲು ಸುರಿಯುತ್ತದೆ, ತೂಕಡಿಕೆ ಬರುತ್ತದೆ, ಎದ್ದರೆ ತಲೆ ತಿರುಗುತ್ತದೆ, ಫಿಟ್ಸ್ ಬಂದರೂ ಬರಬಹುದು. ಶಬರಿಮಲೆಗೆ ಮಾಲೆ ಹಾಕಿಕೊಂಡು ಸಿಗರೇಟು ಬಿಟ್ಟವರಲ್ಲೂ ಇದೇ ಆಗಬಹುದು. ಬೀಡಿ ಬಿಡಲಿ, ಬಿಡಬೇಕು. ಆದರೆ ಬಿಡುವ ಮುನ್ನ ವೈದ್ಯರಿಗೆ ಹೇಳಿ ಮಾತ್ರೆಯ ಪ್ರಮಾಣವನ್ನು ಹೊಂದಿಸಿಕೊಳ್ಳಲಿ. ಕಾಫಿಯನ್ನು ಕರಗಿಸಲೂ ಇದೇ ಕಿಣ್ವ ಬೇಕು, ಹಾಗಾಗಿ ಕಾಫಿ ಹೆಚ್ಚಾದರೆ ಔಷಧಿ ರಕ್ತದಲ್ಲಿ ಉಳಿದುಕೊಳ್ಳಬಹುದು. ದಿನಕ್ಕೆ ಆರೇಳು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಅದನ್ನೂ ಹೇಳುವುದು ಒಳ್ಳೆಯದು.

ಇನ್ನು ಹೆಣ್ಣುಮಕ್ಕಳು ನನ್ನ ಬಳಿ ಮಾತ್ರ ಹೇಳಿಕೊಳ್ಳುವ ಸಂಗತಿ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಾರೆ. "ಅಕ್ಕ, ಮೂರು ತಿಂಗಳಿಂದ ಹೊರಗಾಗಿಲ್ಲ." ಕೈಯಲ್ಲಿ ಗರ್ಭಪರೀಕ್ಷೆಯ ಕಿಟ್. ಪರೀಕ್ಷೆಯಲ್ಲಿ ಒಂದೇ ಗೆರೆ ಬರುತ್ತದೆ. ಕಾರಣ ಅವರ ಇನ್ನೊಂದು ಚೀಟಿಯಲ್ಲಿರುತ್ತದೆ: ಸ್ಕಿಜೋಫ್ರೇನಿಯಾದಂತಹ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಅಥವಾ ಅಮಿಸಲ್‌ಪ್ರೈಡ್. ಈ ಮಾತ್ರೆಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಡೆದಾಗ ಪ್ರೊಲ್ಯಾಕ್ಟಿನ್ ಹಾರ್ಮೋನಿಗಿದ್ದ ಕಡಿವಾಣ ಸಡಿಲವಾಗುತ್ತದೆ. ಪ್ರೊಲ್ಯಾಕ್ಟಿನ್ ಮೊಲೆಹಾಲು ಬರಿಸುವ ಹಾರ್ಮೋನು. ಅದು ಏರಿದರೆ ಮುಟ್ಟು ನಿಲ್ಲುತ್ತದೆ, ಮಗುವಿಲ್ಲದವಳ ಎದೆಯಲ್ಲೂ ಹಾಲು ಜಿನುಗಬಹುದು. ಮದುವೆಯಾಗದ ಹುಡುಗಿಯ ಮನೆಯಲ್ಲಿ ಇದರಿಂದ ಏನೆಲ್ಲ ಮಾತು ಹುಟ್ಟಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೆದರಿದ ತಾಯಿ ಮಾತ್ರೆ ನಿಲ್ಲಿಸುತ್ತಾಳೆ, ಎರಡು ತಿಂಗಳಿಗೆ ಕಾಯಿಲೆ ಮರಳುತ್ತದೆ. ಪ್ರೊಲ್ಯಾಕ್ಟಿನ್ ಏರಿಸದ ಬೇರೆ ಮಾತ್ರೆಗಳಿವೆ, ಒಂದು ರಕ್ತಪರೀಕ್ಷೆಯಲ್ಲಿ ಪತ್ತೆಯಾಗುವ ತೊಂದರೆ ಇದು. ಗ್ಯಾಸಿಗೆಂದು ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಲೆವೊಸಲ್ಪಿರೈಡ್ ಎಂಬ ಔಷಧಿ ಸೇರಿರುತ್ತದೆ. ಅದೂ ಇದೇ ಜಾತಿಯದು, ಅದರಿಂದಲೂ ಮುಟ್ಟು ನಿಲ್ಲಬಹುದು. ಹೊಟ್ಟೆಯ ಮಾತ್ರೆಗೆ ಮನೋವೈದ್ಯರ ಮಾತ್ರೆಯ ನಂಟಿದೆ ಎಂದು ಯಾರು ತಾನೇ ಊಹಿಸುತ್ತಾರೆ?

ಗಂಡಸರಲ್ಲೂ ಪ್ರೊಲ್ಯಾಕ್ಟಿನ್ ಏರುತ್ತದೆ. ಎದೆ ಉಬ್ಬಬಹುದು, ಲೈಂಗಿಕ ಆಸಕ್ತಿ ಕುಗ್ಗಬಹುದು. ಎಸಿಟಲೊಪ್ರಾಮ್, ಸರ್ಟ್ರಲಿನ್‌ನಂತಹ ಖಿನ್ನತೆಯ ಮಾತ್ರೆಗಳಿಂದಲೂ ಲೈಂಗಿಕ ತೊಂದರೆ ಬರುವುದುಂಟು. ಅಂಥವರು ನನ್ನನ್ನು ಕಂಡು ತಲೆಬಗ್ಗಿಸಿ, ಅಂಗಡಿಯ ಹುಡುಗ ಬರುವ ತನಕ ಬಸ್‌ಸ್ಟ್ಯಾಂಡಿನ ಕಡೆ ಮುಖಮಾಡಿ ನಿಲ್ಲುತ್ತಾರೆ. ಅವನನ್ನೂ ಕೇಳಲಾಗದವರು ಸದ್ದಿಲ್ಲದೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೆಂಗಸರಿಗೂ ಅದೇ ತೊಂದರೆಯಾಗುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಹೆಂಗಸಿಗೂ ಸುಖವೊಂದಿದೆ, ಅದು ಕಳೆದುಹೋದರೆ ಅವಳಿಗೂ ನಷ್ಟ ಎಂಬ ಎಣಿಕೆಯೇ ಇಲ್ಲದ ಮೇಲೆ ಆ ಪ್ರಶ್ನೆ ಎಲ್ಲಿಂದ ಬರಬೇಕು?

ಹೆಣ್ಣಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಗರ್ಭದ್ದು. ವಾಲ್‌ಪ್ರೊಯೇಟ್ ಎಂಬ ಮಾತ್ರೆ ಮೂರ್ಛೆರೋಗಕ್ಕೂ, ಉನ್ಮಾದ ಮತ್ತು ಖಿನ್ನತೆ ಬಂದುಹೋಗುತ್ತಿರುವ ಬೈಪೋಲಾರ್ ಕಾಯಿಲೆಗೂ ಬಳಕೆಯಲ್ಲಿದೆ. ಗರ್ಭಿಣಿಯಾಗಿರುವಾಗ ತಾಯಿ ಅದನ್ನು ನುಂಗಿದ್ದರೆ ಹುಟ್ಟುವ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಬೆನ್ನುಹುರಿ, ಹೃದಯ, ತುಟಿ ಅಥವಾ ಅಂಗುಳಿನಂತಹ ಅಂಗಗಳ ದೋಷ ಬರಬಹುದು. ಹತ್ತರಲ್ಲಿ ಮೂರು, ನಾಲ್ಕು ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆ ಹಿಂದೆ ಬೀಳಬಹುದು. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರಗಳೊಳಗೆ. ಮುಟ್ಟು ತಪ್ಪಿತೆಂದು ತಾಯಿಗೆ ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಬ್ರಿಟನ್ನಿನಲ್ಲಿ 2018ರಿಂದ, ಗರ್ಭ ನಿಲ್ಲದಂತೆ ಖಚಿತ ವ್ಯವಸ್ಥೆ ಮಾಡಿಕೊಳ್ಳದ ಹೆಂಗಸಿಗೆ ಈ ಮಾತ್ರೆ ಕೊಡುವಂತಿಲ್ಲ. 2024ರಿಂದ ಅಲ್ಲಿ 55 ವರ್ಷದೊಳಗಿನ ಯಾರಿಗೇ ಆಗಲಿ, ಗಂಡಸರನ್ನೂ ಸೇರಿಸಿ, ಇದನ್ನು ಹೊಸದಾಗಿ ಶುರುಮಾಡಬೇಕಾದರೆ ಇಬ್ಬರು ತಜ್ಞರು ಒಪ್ಪಬೇಕು. ತಂದೆಯ ಮೂಲಕವೂ ಮಗುವಿಗೆ ಸ್ವಲ್ಪ ಅಪಾಯ ಇರಬಹುದೆಂಬ ಸುಳಿವು ಸಿಕ್ಕಿದ್ದು ಇದಕ್ಕೊಂದು ಕಾರಣ. ಹಾಗೆಂದು ಇದನ್ನು ಓದಿ ಯಾರೂ ಇವತ್ತು ರಾತ್ರಿಯೇ ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಅಥವಾ ಉನ್ಮಾದ ಮರಳಿದರೆ ತಾಯಿ, ಮಗು ಇಬ್ಬರಿಗೂ ಪ್ರಾಣಾಪಾಯ. ಮದುವೆ ನಿಶ್ಚಯವಾದಾಗಲೇ ವೈದ್ಯರ ಬಳಿ ಹೋಗಿ "ಮುಂದೆ ಮಗು ಬೇಕು, ಮಾತ್ರೆ ಬದಲಿಸಬೇಕೇ?" ಎಂದು ಕೇಳಬೇಕು. ಕಾಯಿಲೆಯನ್ನು ಬೀಗರಿಂದ ಮುಚ್ಚಿಡುವ ಮನೆಗಳಲ್ಲಿ ಆ ಪ್ರಶ್ನೆಯೂ ಮುಚ್ಚಿಹೋಗುತ್ತದೆ.

ಗರ್ಭನಿರೋಧಕ ಮಾತ್ರೆಯ ಜೊತೆಗಿನ ಜಗಳವನ್ನೂ ಹೇಳಬೇಕು. ಕಾರ್ಬಮಜೆಪೈನ್, ಲ್ಯಾಮೊಟ್ರಿಜಿನ್ ಕೂಡ ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಮಾತ್ರೆಗಳು. ಕಾರ್ಬಮಜೆಪೈನ್ ನುಂಗುವವಳಿಗೆ ಗರ್ಭನಿರೋಧಕ ಮಾತ್ರೆ ಕೈಕೊಡಬಹುದು. ಲ್ಯಾಮೊಟ್ರಿಜಿನ್ ನುಂಗುವವಳು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಶುರುಮಾಡಿದರೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಚೀಟಿ ಬರೆಯುವವರು ಮನೋವೈದ್ಯರು, ಇನ್ನೊಂದನ್ನು ಬರೆಯುವವರು ಸ್ತ್ರೀರೋಗ ತಜ್ಞರು. ಇಬ್ಬರಿಗೂ ಇನ್ನೊಂದು ಚೀಟಿಯನ್ನು ತೋರಿಸಬೇಕಾದವಳು ರೋಗಿಯೇ.

ಬಾಣಂತನದಲ್ಲಿ ಇನ್ನೊಂದು ತಿರುವು. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆಸರಿಟ್ಟದ್ದು ನಿಜವಾದ ಕಾಯಿಲೆಗೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ತಾಯಿಗೆ ನಿದ್ದೆ ಹಾರಿಹೋಗಿ, ಗೊಂದಲ, ಭ್ರಮೆ, ಮಗುವಿನ ಬಗ್ಗೆ ಭಯಂಕರ ಸಂಶಯಗಳು ಬರುತ್ತವೆ. ಮೊದಲೇ ಬೈಪೋಲಾರ್ ಕಾಯಿಲೆ ಇದ್ದವರಿಗೆ ಅಪಾಯ ಬಹಳ ಹೆಚ್ಚು. ಅವರಿಗೆ ಲಿಥಿಯಂ ಎಂಬ ಮಾತ್ರೆ ಒಳ್ಳೆಯ ರಕ್ಷಣೆ. ಗರ್ಭದ ಮಗುವಿನ ಹೃದಯಕ್ಕೆ ಅದರಿಂದ ಅಪಾಯ ಇದ್ದರೂ 1970ರ ದಶಕದಲ್ಲಿ ಅಂದಾಜಿಸಿದಷ್ಟು ದೊಡ್ಡದಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೆ ಲಿಥಿಯಂ ಹೊರಹೋಗುವುದು ಹೆಚ್ಚುಕಡಿಮೆ ಪೂರ್ತಿ ಮೂತ್ರದಲ್ಲೇ. ಗರ್ಭಿಣಿಯಾಗಿರುವಾಗ ಮೂತ್ರಪಿಂಡ ಹೆಚ್ಚು ದುಡಿಯುವುದರಿಂದ ರಕ್ತದಲ್ಲಿ ಅದು ಇಳಿಯುತ್ತದೆ. ಹೆರಿಗೆಯಾದ ಕೂಡಲೇ ಮೂತ್ರಪಿಂಡ ಹಳೆಯ ವೇಗಕ್ಕೆ ಮರಳಿ, ಲಿಥಿಯಂ ಮೇಲೇರುತ್ತದೆ. ಅದೇ ಹೊತ್ತಿಗೆ ತವರುಮನೆಯಲ್ಲಿ ಬಾಣಂತಿಗೆ ನೀರು ಕೊಡಬಾರದು, ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎನ್ನುವವರಿದ್ದಾರೆ. ಬಿಸಿನೀರಿನ ಸ್ನಾನ, ಇದ್ದಿಲ ಕಾವು, ಮೈತುಂಬ ಬೆವರು, ಕುಡಿಯಲು ಅರ್ಧ ಲೋಟ ನೀರು. ಲಿಥಿಯಂ ನುಂಗುವವಳಿಗೆ ಇದು ವಿಷವೇರುವ ದಾರಿ. ಕೈ ನಡುಗುವುದು, ವಾಂತಿ, ಭೇದಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಬಾಣಂತಿ ನಂಜೆಂದು ಕಷಾಯ ಕುದಿಸುತ್ತ ಕೂರಬಾರದು. ಆಗಲೇ ಆಸ್ಪತ್ರೆಗೆ ಹೋಗಿ ಲಿಥಿಯಂ ಮಟ್ಟ ನೋಡಿಸಬೇಕು.

ತಾಯಿ, ಮಗುವನ್ನು ಬೇರೆ ಮಾಡದೆ ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ಅಂಥದ್ದು ದೇಶದಲ್ಲಿ ಅದೇ ಮೊದಲು. ಮೊಲೆ ಕುಡಿಸುವ ತಾಯಿಗೆ ಕೊಡಬಹುದಾದ ಖಿನ್ನತೆಯ ಮಾತ್ರೆಗಳೂ ಇವೆ. ಸರ್ಟ್ರಲಿನ್ ಎದೆಹಾಲಿಗೆ ಸೇರುವುದು ಬಹಳ ಅಲ್ಪ. "ಮಾತ್ರೆ ನುಂಗಿದರೆ ಹಾಲು ಬಿಡಿಸಬೇಕು" ಎಂಬ ಅರ್ಧ ತಿಳಿವಳಿಕೆಯಿಂದ ಎಷ್ಟೋ ತಾಯಂದಿರು ಎರಡರಲ್ಲಿ ಒಂದನ್ನು ಸುಮ್ಮನೆ ಕಳೆದುಕೊಂಡಿದ್ದಾರೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮತ್ತೆ ಬದಲಾವಣೆ. ಸ್ಕಿಜೋಫ್ರೇನಿಯಾ ಗಂಡಸರಲ್ಲಿ ಹದಿಹರೆಯದ ಕೊನೆ, ಇಪ್ಪತ್ತರ ಆರಂಭದಲ್ಲಿ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ನಾಲ್ಕೈದು ವರ್ಷ ತಡ, ಮತ್ತೆ 45–50ರ ಸುಮಾರಿಗೆ ಸಣ್ಣದೊಂದು ಏರಿಕೆ. ಈಸ್ಟ್ರೊಜೆನ್ ಮೆದುಳಿಗೆ ಒಂದಿಷ್ಟು ಆಸರೆ ಕೊಡುತ್ತಿತ್ತು, ಅದು ಇಳಿದಾಗ ಕಾಯಿಲೆ ತಲೆಯೆತ್ತುತ್ತದೆ ಎಂಬುದು ಬಹಳ ತಜ್ಞರು ಒಪ್ಪುವ ವಿವರಣೆ. ಮೊದಲು ಸಾಕಾಗುತ್ತಿದ್ದ ಪ್ರಮಾಣ ಆ ವಯಸ್ಸಿನಲ್ಲಿ ಸಾಲದೆ ಹೋಗಬಹುದು. ವಯಸ್ಸಾದ ಅಜ್ಜಿಯಂದಿರು ಖಿನ್ನತೆಯ ಮಾತ್ರೆಯ ಜೊತೆಗೆ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗುತ್ತಿದ್ದರೆ ರಕ್ತದ ಸೋಡಿಯಂ ಕುಸಿದು ಇದ್ದಕ್ಕಿದ್ದಂತೆ ಗೊಂದಲಕ್ಕೀಡಾಗಬಹುದು. ಮನೆಯವರು ಅದನ್ನು ಅರಳುಮರಳು ಎಂದುಕೊಳ್ಳುತ್ತಾರೆ.

ಗಂಡಸರಿಗಷ್ಟೇ ಬಹುಪಾಲು ಮೀಸಲಾದ, ಆದರೆ ಹೆಂಗಸರೇ ಕೇಳಿಕೊಂಡು ಬರುವ ಮಾತ್ರೆಯೊಂದಿದೆ. "ಕುಡಿತ ಬಿಡಿಸುವ ಪುಡಿ ಇದೆಯಂತೆ, ಸಾರಿಗೆ ಹಾಕಿದರೆ ಗೊತ್ತಾಗುವುದಿಲ್ಲವಂತೆ, ಕೊಡಿ ಅಕ್ಕ." ಅವರು ಕೇಳುವುದು ಡೈಸಲ್ಫಿರಾಮ್. ಅದು ಮೈಯಲ್ಲಿದ್ದಾಗ ಮದ್ಯ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ಸೇರಿಕೊಂಡು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ದುರ್ಬಲವಾಗಿದ್ದರೆ ಜೀವವೇ ಹೋಗಬಹುದು. ತಾನು ಅದನ್ನು ನುಂಗಿದ್ದೇನೆಂದು ತಿಳಿದು ಒಪ್ಪಿದವನಿಗೆ ಮಾತ್ರ ಅದು ಔಷಧಿ. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ ವಿಷಪ್ರಾಶನಕ್ಕೆ ಸಮ. ಇಲ್ಲವೆಂದು ಹೇಳಿ ಕಳುಹಿಸುವಾಗ ಅವರ ಕುತ್ತಿಗೆಯ ಕರಿಮಣಿ, ತೋಳಿನ ನೀಲಿ ಗುರುತು ಎರಡೂ ಕಾಣುತ್ತವೆ. ಅದಕ್ಕೇ 14416 ಎಂಬ ಟೆಲಿ-ಮಾನಸ್ ಸಂಖ್ಯೆಯನ್ನು ಬರೆದುಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಸರ್ಕಾರಿ ಸಹಾಯವಾಣಿ ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಅವನಿಗಾಗಿ ಅಷ್ಟೇ ಅಲ್ಲ, ಅವಳಿಗಾಗಿಯೂ.

ನಮ್ಮ ಕೌಂಟರಿನ ಮೂಲೆಯಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್ ಇಟ್ಟಿದ್ದೇನೆ. ಮನೋವೈದ್ಯರ ಬಳಿ ಹೊರಟವರಿಗೆ ಹಳೆಯ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಹೋಗಲು ಹೇಳುತ್ತೇನೆ: ಕೊನೆಯ ಮುಟ್ಟಿನ ತಾರೀಖು, ಮಗು ಬೇಕೋ ಬೇಡವೋ, ಬೇರೆ ವೈದ್ಯರು ಕೊಟ್ಟ ಮಾತ್ರೆಗಳು, ಬೀಡಿ ಎಷ್ಟು, ಕುಡಿತ ಎಷ್ಟು, ಬಾಯಿಬಿಟ್ಟು ಹೇಳಲಾಗದ ತೊಂದರೆ ಇದ್ದರೆ ಅದೂ. ಮೊನ್ನೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಚೀಟಿ ಅವನದು, ಬರೆದವಳು ಅವಳು. "ಬೀಡಿ: ದಿನಕ್ಕೆ 10" ಎಂದು ಬರೆದು ಮಡಿಸುತ್ತಿದ್ದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು, 10ನ್ನು ಹೊಡೆದುಹಾಕಿ 30 ಎಂದು ಬರೆದ. ಅದರ ಕೆಳಗೆ, ಅವಳಿಗೆ ಕಾಣದಂತೆ ಕೈ ಅಡ್ಡ ಹಿಡಿದು, ಇನ್ನೂ ಒಂದು ಸಾಲು ಬರೆದು ಜೇಬಿಗಿಟ್ಟುಕೊಂಡ.